ಪರ್ಚೇಸ್ ಆರ್ಡರ್‌ಗೆ ಯಾರು ಹೂಂ ಅನ್ನಬೇಕು? ಇಆರ್‌ಪಿನೆಕ್ಸ್ಟ್‌ನಲ್ಲಿ ವರ್ಕ್‌ಫ್ಲೋ ಕೂಡಿಸುವ ಸಮಗ್ರ ಮಾರ್ಗದರ್ಶಿ

ಗಂಗಾವತಿ, ಕಾರಟಗಿ ಕಡೆಯ ಯಾವ ರೈಸ್ ಮಿಲ್ಲಿಗೆ ಹೋದರೂ ಖರೀದಿಗೆ ಒಂದು ಒಪ್ಪಿಗೆಯ ವ್ಯವಸ್ಥೆ ಆಗಲೇ ಇರುತ್ತದೆ. ಸಾಫ್ಟ್‌ವೇರ್‌ನಲ್ಲಿ ಅಲ್ಲ, ಫೋನಿನಲ್ಲಿ.

"ಸಾವ್ಕಾರ್ರೇ, ಎಲಿವೇಟರ್ ಬೆಲ್ಟ್ ಹರದೈತ್ರಿ. ತರಿಸ್ಲೇನ್ರಿ?"

"ಎಷ್ಟಾಗ್ತೈತಿ?"

"ಹದಿನೆಂಟು ಸಾವಿರ ಅಂತಾನ್ರಿ."

"ತರಿಸು. ಮತ್ತೊಂದು ಅಂಗಡ್ಯಾಗೂ ಕೇಳು."

ಅಷ್ಟೇ. ಕೆಲಸ ನಡೆಯುತ್ತದೆ. ತೊಂದರೆ ಶುರುವಾಗುವುದು ಬಿಲ್ ಬಂದಾಗ. ಬಿಲ್ಲಿನಲ್ಲಿ 21,000 ಇರುತ್ತದೆ. ಫಿಟ್ಟರ್ 'ಸಾವ್ಕಾರ್ರಿಗೆ ಹೇಳಿದ್ದೆ' ಅಂತಾನೆ, ಸಾವ್ಕಾರ್ರಿಗೆ ನೆನಪಿಲ್ಲ, ಅಕೌಂಟ್ಸ್ ನೋಡುವ ಹುಡುಗ ನಡುವೆ ಸಿಕ್ಕಿಕೊಳ್ಳುತ್ತಾನೆ. ಈ ಫೋನ್ ಮಾತನ್ನೇ ಸಾಫ್ಟ್‌ವೇರ್ ಒಳಗೆ ತರುವುದು ಹೇಗೆ ಅನ್ನುವುದಕ್ಕೆ ಈ ಬರಹ.

ಉದಾಹರಣೆಗೆ ಇಆರ್‌ಪಿನೆಕ್ಸ್ಟ್ ಅನ್ನುವ, ಖರೀದಿ, ದಾಸ್ತಾನು, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇನೆ. ಅದು ಓಪನ್ ಸೋರ್ಸ್, ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ, ಸರ್ವರ್ ಖರ್ಚು ಮಾತ್ರ. ವರ್ಕ್‌ಫ್ಲೋ, ಅಂದರೆ ಒಂದು ದಾಖಲೆ ಯಾರಿಂದ ಯಾರಿಗೆ ಹೋಗಿ ಒಪ್ಪಿಗೆ ಪಡೆಯಬೇಕು ಅನ್ನುವ ವ್ಯವಸ್ಥೆ, ಅದರೊಳಗೇ ಇದೆ. ಪ್ರೋಗ್ರಾಮಿಂಗ್ ಬಾರದವರೂ ಕೂಡಿಸಬಹುದು. ಒಡೂ, ಬಿಸಿನೆಸ್ ಸೆಂಟ್ರಲ್, ಎಸ್‌ಎಪಿ ಬಿಸಿನೆಸ್ ಒನ್ ಬಳಸುವವರಿಗೂ ತರ್ಕ ಇದೇ, ಗುಂಡಿಗಳ ಹೆಸರು ಬೇರೆ. ಟ್ಯಾಲಿ ಒಂದರಲ್ಲೇ ನಡೆಸುತ್ತಿದ್ದರೆ ಸದ್ಯಕ್ಕೆ ಒಂದು ಉಪಾಯ ಇದೆ. ಗುಮಾಸ್ತರು ವೋಚರ್ ಹಾಕುವಾಗ ಕಂಟ್ರೋಲ್ ಎಲ್ ಒತ್ತಿ ಆಪ್ಷನಲ್ ಮಾಡಲಿ, ಮಾಲೀಕರು ನೋಡಿದ ಮೇಲೆ ರೆಗ್ಯುಲರ್ ಮಾಡಲಿ. ಆಪ್ಷನಲ್ ಇರುವ ತನಕ ಅದು ಲೆಕ್ಕಕ್ಕೆ ಏರುವುದಿಲ್ಲ. ಆದರೆ ಇದು ಶಿಸ್ತಿನ ಮೇಲೆ ನಿಂತ ಉಪಾಯ, ಬೀಗ ಅಲ್ಲ.

ಮುಂದೆ ಹೋಗುವ ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಎರಡು ಹಂತದ ಒಪ್ಪಿಗೆ ಸಾಕು. ನಾಲ್ಕು ಹಂತ ಮಾಡಿದ ಕಡೆ ಜನ ಮೊದಲು ಸಾಮಾನು ತರಿಸಿಕೊಂಡು, ಆಮೇಲೆ ಪರ್ಚೇಸ್ ಆರ್ಡರ್ (ಅಂಗಡಿಗೆ ಕೊಡುವ ಖರೀದಿ ಆದೇಶ) ಹಾಕಲು ಶುರು ಮಾಡುತ್ತಾರೆ. ಆಗ ಒಪ್ಪಿಗೆ ಅನ್ನುವುದು ಸುಮ್ನೆ ಒಂದು ಗುಂಡಿ ಒತ್ತುವ ಕೆಲಸ ಆಗಿಬಿಡುತ್ತದೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಹೋದ ತಿಂಗಳ ಖರೀದಿ ಬಿಲ್ಲುಗಳ ಕಟ್ಟು ತೆಗೆಯಿರಿ. ಒಂದೊಂದನ್ನೇ ಎತ್ತಿ, ಇದನ್ನು ತರಿಸುವ ಮೊದಲು ಯಾರನ್ನು ಕೇಳಿದ್ದಿರಿ ಅಂತ ಗುಮಾಸ್ತರನ್ನು ಕೇಳಿ. ಯಾರನ್ನೂ ಕೇಳದೆ ತಂದದ್ದು, ಮ್ಯಾನೇಜರ್ ಹೂಂ ಅಂದದ್ದು, ಮಾಲೀಕರ ತನಕ ಹೋದದ್ದು, ಹೀಗೆ ಮೂರು ರಾಶಿ ಮಾಡಿ. ರಾಶಿಗಳ ನಡುವಿನ ಮೊತ್ತ ತಾನೇ ಕಾಣುತ್ತದೆ. ಆ ಮೊತ್ತವೇ ನಿಮ್ಮ ಮಿತಿ. ಬೇರೆ ಕಂಪನಿಯ ಪಾಲಿಸಿ ನೋಡಿ ಮಿತಿ ಇಡಬೇಡಿ. ಗಿಣಿಗೇರಿಯ ಕಬ್ಬಿಣದ ಫ್ಯಾಕ್ಟರಿಗೆ 5 ಲಕ್ಷ ಸಣ್ಣ ಮೊತ್ತ ಇರಬಹುದು, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕೆ ಅದೇ ದೊಡ್ಡ ಮಾತು.

ಈ ಬರಹಕ್ಕೆ ಹೀಗಿರಲಿ: 5,000 ರೂಪಾಯಿವರೆಗೆ ಚಿಲ್ಲರೆ ನಗದು ಖರ್ಚು, ಆರ್ಡರ್ ಬೇಡ. ಅದರ ಮೇಲೆ 50,000ದವರೆಗೆ ಮ್ಯಾನೇಜರ್ ಒಪ್ಪಿಗೆ. 50,000 ದಾಟಿದರೆ ಮ್ಯಾನೇಜರ್ ನೋಡಿ ಮಾಲೀಕರಿಗೆ ಕಳುಹಿಸಬೇಕು. ಚಿಲ್ಲರೆ ಮಿತಿಯನ್ನು ಜಾಸ್ತಿ ಏರಿಸಬೇಡಿ. ಒಬ್ಬರಿಗೆ ಒಂದೇ ದಿನ ನಗದಿನಲ್ಲಿ 10,000 ದಾಟಿಸಿ ಕೊಟ್ಟರೆ ಆದಾಯ ತೆರಿಗೆಯವರು ಸಾಮಾನ್ಯವಾಗಿ ಆ ಖರ್ಚನ್ನು ಒಪ್ಪುವುದಿಲ್ಲ.

ಭತ್ತದ ಖರೀದಿಯನ್ನು ಇದರಿಂದ ಹೊರಗೇ ಇಡಿ. ದಲಾಲಿ ಅಂಗಡಿಯಲ್ಲಿ 75 ಕೆ.ಜಿ. ಚೀಲಕ್ಕೆ ರೇಟ್ ಮಾತಾಡುವಾಗ, ಕಾಳು ಕೈಯಲ್ಲಿ ಹಿಡಿದು ತೇವ ನೋಡುವಾಗ, 'ತಡೀರಿ, ಸಿಸ್ಟಮ್‌ನಲ್ಲಿ ಅಪ್ರೂವಲ್ ಬರಲಿ' ಅಂದರೆ ಆ ಲಾಟ್ ಪಕ್ಕದ ಮಿಲ್ಲಿಗೆ ಹೋಗುತ್ತದೆ. ಭತ್ತಕ್ಕೆ ಮಾಲೀಕರು ಬೆಳಗ್ಗೆಯೇ ಆ ದಿನದ ಗರಿಷ್ಠ ರೇಟ್ ಹೇಳಿಬಿಡಬೇಕು. ಅದರೊಳಗೆ ಖರೀದಿ ಮಾಡುವವನು ಸ್ವತಂತ್ರ. ಪರಿಶೀಲನೆ ಕಾಟಾ ಚೀಟಿ ಬಂದ ಮೇಲೆ, ಬಿಲ್ಲಿನ ಹಂತದಲ್ಲಿ.

ಹಾಗಾದರೆ ವರ್ಕ್‌ಫ್ಲೋ ಬೇಕಿರುವುದು ಯಾವುದಕ್ಕೆ? ಗೋಣಿಚೀಲ, ಪಿಪಿ ಬ್ಯಾಗ್, ರಬ್ಬರ್ ರೋಲ್, ಬೇರಿಂಗ್, ಬೆಲ್ಟ್, ಬಾಯ್ಲರ್ ಸಾಮಾನು, ಸಾರ್ಟೆಕ್ಸ್ (ಅಕ್ಕಿಯನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರ) ಬಿಡಿಭಾಗ. ದುಡ್ಡು ಸದ್ದಿಲ್ಲದೆ ಸೋರುವುದು ಇಲ್ಲೇ.

ಯಾವ ದಾಖಲೆಯ ಮೇಲೆ ಬೀಗ ಹಾಕಬೇಕು

ಇಆರ್‌ಪಿನೆಕ್ಸ್ಟ್‌ನಲ್ಲಿ ಖರೀದಿಯ ದಾರಿ ಹೀಗೆ ಸಾಗುತ್ತದೆ: ಮೆಟೀರಿಯಲ್ ರಿಕ್ವೆಸ್ಟ್ (ಸಾಮಾನು ಬೇಕು ಅನ್ನುವ ಕೋರಿಕೆ), ಸಪ್ಲೈಯರ್ ಕೊಟೇಶನ್ (ಅಂಗಡಿಯವನು ಹೇಳಿದ ರೇಟ್), ಪರ್ಚೇಸ್ ಆರ್ಡರ್, ಪರ್ಚೇಸ್ ರಿಸೀಟ್ (ಸಾಮಾನು ಬಂತು ಅನ್ನುವ ದಾಖಲೆ), ಪರ್ಚೇಸ್ ಇನ್‌ವಾಯ್ಸ್ (ಬಿಲ್), ಕೊನೆಗೆ ಪೇಮೆಂಟ್ ಎಂಟ್ರಿ. ಎಲ್ಲದಕ್ಕೂ ಒಪ್ಪಿಗೆ ಇಡುವ ಆಸೆ ಬರುತ್ತದೆ. ಬೇಡ. ಪರ್ಚೇಸ್ ಆರ್ಡರ್ ಮೇಲೆ ಇಡಿ. ಅಂಗಡಿಯವನಿಗೆ ನಾವು ಮಾತು ಕೊಡುವುದು ಅಲ್ಲಿ. ರಿಕ್ವೆಸ್ಟ್‌ನಲ್ಲಿ ಇನ್ನೂ ರೇಟ್ ಗಟ್ಟಿ ಇರುವುದಿಲ್ಲ. ಇನ್‌ವಾಯ್ಸ್ ಬರುವ ಹೊತ್ತಿಗೆ ಸಾಮಾನು ಗೋಡೌನ್‌ನಲ್ಲಿ ಕೂತಿರುತ್ತದೆ, ಆಗ ಬೇಡ ಅಂದು ಏನು ಪ್ರಯೋಜನ?

ರೋಲ್‌ಗಳನ್ನು ಸರಿಮಾಡಿ

ರೋಲ್ ಅಂದರೆ ಒಬ್ಬರ ಕೆಲಸಕ್ಕೆ ತಕ್ಕ ಹಕ್ಕುಗಳ ಕಟ್ಟು. 'ಪರ್ಚೇಸ್ ಯೂಸರ್' ಮತ್ತು 'ಪರ್ಚೇಸ್ ಮ್ಯಾನೇಜರ್' ಅನ್ನುವ ರೋಲ್‌ಗಳು ಮೊದಲೇ ಇರುತ್ತವೆ. 'ಮಿಲ್ ಮಾಲೀಕ' ಅಂತ ಒಂದು ಹೊಸ ರೋಲ್ ಮಾಡಿ. ಆಮೇಲೆ 'ರೋಲ್ ಪರ್ಮಿಶನ್ಸ್ ಮ್ಯಾನೇಜರ್' ತೆರೆದು ಪರ್ಚೇಸ್ ಆರ್ಡರ್ ಆರಿಸಿ. ಗುಮಾಸ್ತರ ರೋಲ್‌ಗೆ (ಪರ್ಚೇಸ್ ಯೂಸರ್) ರೀಡ್, ರೈಟ್, ಕ್ರಿಯೇಟ್ ಸಾಕು, ಸಬ್ಮಿಟ್, ಅಂದರೆ ದಾಖಲೆಯನ್ನು ಅಂತಿಮ ಮಾಡುವ ಹಕ್ಕು, ತೆಗೆದುಹಾಕಿ. ಮ್ಯಾನೇಜರ್ ಮತ್ತು ಮಾಲೀಕರಿಗೆ ರೀಡ್, ರೈಟ್, ಸಬ್ಮಿಟ್ ಮೂರೂ ಬೇಕು. ಬಹಳ ಜನ ಮಾಲೀಕರಿಗೆ ರೀಡ್, ರೈಟ್ ಕೊಟ್ಟು ಸಬ್ಮಿಟ್ ಬಿಡುತ್ತಾರೆ. ಆಗ ಒಪ್ಪಿಗೆ ಒತ್ತಿದರೆ ಅನುಮತಿ ಇಲ್ಲ ಅನ್ನುವ ಎರರ್ ಬರುತ್ತದೆ, ಅದೂ ಮಾಲೀಕರ ಮುಂದೆಯೇ. ಕ್ಯಾನ್ಸಲ್ ಹಕ್ಕು ಮಾಲೀಕರಿಗೆ ಮಾತ್ರ ಇರಲಿ.

ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರಲೇಬೇಕು. ಆಫೀಸಿನ ಒಂದೇ ಕಂಪ್ಯೂಟರ್‌ನಲ್ಲಿ 'ಅಡ್ಮಿನಿಸ್ಟ್ರೇಟರ್' ಹೆಸರಿನಲ್ಲಿ ಎಲ್ಲರೂ ಕೆಲಸ ಮಾಡುತ್ತಿದ್ದರೆ ಇಲ್ಲಿಂದ ಮುಂದಿನದು ಯಾವುದೂ ಉಪಯೋಗಕ್ಕೆ ಬಾರದು. ಯಾಕೆ ಅಂತ ಸ್ವಲ್ಪ ಮುಂದೆ ಹೇಳುತ್ತೇನೆ.

ಸ್ಟೇಟ್‌ಗಳು: ಆರ್ಡರ್ ಯಾವ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ

ಮೇಲಿನ ಸರ್ಚ್ ಜಾಗದಲ್ಲಿ ವರ್ಕ್‌ಫ್ಲೋ ಅಂತ ಟೈಪ್ ಮಾಡಿ, ಹೊಸದೊಂದು ತೆರೆಯಿರಿ. ಹೊಸ ಆವೃತ್ತಿಗಳಲ್ಲಿ ಚಿತ್ರ ಬರೆದು ಕೂಡಿಸುವ ವರ್ಕ್‌ಫ್ಲೋ ಬಿಲ್ಡರ್ ಕೂಡ ಇದೆ. ಮೊದಲ ಸಲ ಮಾಡುವವರು ಹಳೆಯ ಫಾರಂನಲ್ಲೇ ಮಾಡಿ, ಏನು ಎಲ್ಲಿ ಕೂರುತ್ತದೆ ಅಂತ ಚೆನ್ನಾಗಿ ಅರ್ಥವಾಗುತ್ತದೆ. ಡಾಕ್ಯುಮೆಂಟ್ ಟೈಪ್ ಜಾಗದಲ್ಲಿ ಪರ್ಚೇಸ್ ಆರ್ಡರ್ ಹಾಕಿ. 'ಈಸ್ ಆ್ಯಕ್ಟಿವ್' ಈಗಲೇ ಟಿಕ್ ಮಾಡಬೇಡಿ. ಒಂದು ದಾಖಲೆಗೆ ಒಂದೇ ವರ್ಕ್‌ಫ್ಲೋ ಚಾಲ್ತಿಯಲ್ಲಿ ಇರಬಲ್ಲದು ಅನ್ನುವುದೂ ನೆನಪಿರಲಿ.

ಸ್ಟೇಟ್ಸ್ ಪಟ್ಟಿಯಲ್ಲಿ ಒಂದೊಂದು ಸಾಲಿಗೂ ಹೆಸರು, 'ಡಾಕ್ ಸ್ಟೇಟಸ್', ಯಾರು ತಿದ್ದಬಹುದು ಅನ್ನುವ 'ಓನ್ಲಿ ಅಲೋ ಎಡಿಟ್ ಫಾರ್', ಈ ಮೂರನ್ನು ತುಂಬಬೇಕು. ಹೆಸರು ಕನ್ನಡದಲ್ಲೇ ಇರಲಿ, ಓದುವವರು ನಮ್ಮವರೇ ಅಲ್ವಾ.

1. ಕರಡು: ಡಾಕ್ ಸ್ಟೇಟಸ್ 0, ತಿದ್ದುವವರು ಪರ್ಚೇಸ್ ಯೂಸರ್
2. ಮ್ಯಾನೇಜರ್ ನೋಡಬೇಕು: 0, ಪರ್ಚೇಸ್ ಮ್ಯಾನೇಜರ್
3. ಮಾಲೀಕರು ನೋಡಬೇಕು: 0, ಮಿಲ್ ಮಾಲೀಕ
4. ಒಪ್ಪಿಗೆ ಆಯ್ತು: 1, ಪರ್ಚೇಸ್ ಮ್ಯಾನೇಜರ್
5. ವಾಪಸ್: 0, ಪರ್ಚೇಸ್ ಯೂಸರ್
6. ರದ್ದು: 2, ಮಿಲ್ ಮಾಲೀಕ

ಡಾಕ್ ಸ್ಟೇಟಸ್‌ನಲ್ಲಿ 0 ಅಂದರೆ ಕರಡು, 1 ಅಂದರೆ ಸಬ್ಮಿಟ್ ಆದದ್ದು, 2 ಅಂದರೆ ರದ್ದಾದದ್ದು. ಎಡವುವುದು ಇಲ್ಲಿ. ಒಪ್ಪದ ಆರ್ಡರ್‌ಗೆ 2 ಕೊಡಬೇಕು ಅನ್ನಿಸುತ್ತದೆ. ಕೊಟ್ಟರೆ ಉಳಿಸುವಾಗಲೇ ಎರರ್. ಸಬ್ಮಿಟ್ ಆಗದ ದಾಖಲೆಯನ್ನು ರದ್ದು ಮಾಡಲು ಸಿಸ್ಟಮ್ ಬಿಡುವುದಿಲ್ಲ. 1 ಆದದ್ದು ಮತ್ತೆ 0 ಆಗುವುದೂ ಇಲ್ಲ. ಆದ್ದರಿಂದ 'ವಾಪಸ್' ಸ್ಥಿತಿಗೆ 0 ಇರಬೇಕು. ಗುಮಾಸ್ತರು ತಿದ್ದಿ ಮತ್ತೆ ಕಳುಹಿಸಲು ಅದೇ ಅನುಕೂಲ.

ಸಾಲುಗಳ ಕ್ರಮವೂ ಮುಖ್ಯ. ಹೊಸ ಆರ್ಡರ್ ಯಾವಾಗಲೂ ಪಟ್ಟಿಯ ಮೊದಲ ಸಾಲಿನ ಸ್ಥಿತಿಯಲ್ಲಿ ಹುಟ್ಟುತ್ತದೆ. ವರ್ಕ್‌ಫ್ಲೋ ಚಾಲೂ ಮಾಡಿದ ದಿನ ಹಳೆಯ ಆರ್ಡರ್‌ಗಳಿಗೂ ಒಂದೊಂದು ಸ್ಥಿತಿ ಅಂಟುತ್ತದೆ. ಆಗಲೇ ಸಬ್ಮಿಟ್ ಆದವಕ್ಕೆ 1 ಇರುವ ಮೊದಲ ಸಾಲು, ಕರಡಿನಲ್ಲಿ ಇರುವವಕ್ಕೆ 0 ಇರುವ ಮೊದಲ ಸಾಲು. ಮೇಲಿನ ಕ್ರಮದಲ್ಲಿ ಇಟ್ಟರೆ ಹಳೆಯವು 'ಒಪ್ಪಿಗೆ ಆಯ್ತು' ಅಂತ ಸರಿಯಾಗಿ ಕೂರುತ್ತವೆ.

ಇನ್ನೊಂದು ಟಿಕ್ ಇದೆ, 'ಡೋಂಟ್ ಓವರ್‌ರೈಡ್ ಸ್ಟೇಟಸ್'. ಹಾಕಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಎಲ್ಲ ಆರ್ಡರ್ ಮುಂದೆಯೂ 'ಒಪ್ಪಿಗೆ ಆಯ್ತು' ಅಂತಲೇ ಕಾಣುತ್ತದೆ. ಸಾಮಾನು ಬಂತಾ, ಬಿಲ್ ಬಂತಾ ಅನ್ನುವ ಮಾಮೂಲಿ ಸ್ಟೇಟಸ್ ಕಣ್ಣಿಗೆ ಬೀಳುವುದಿಲ್ಲ. ಸ್ಟೋರ್ ನೋಡುವವರಿಗೆ ಬೇಕಿರುವುದು ಅದೇ.

ಟ್ರಾನ್ಸಿಶನ್‌ಗಳು: ಯಾರು ಎಲ್ಲಿಂದ ಎಲ್ಲಿಗೆ ತಳ್ಳಬಹುದು

ಕೆಳಗಿನ ಪಟ್ಟಿಯಲ್ಲಿ ಒಂದೊಂದು ಸಾಲು ಒಂದೊಂದು ಗುಂಡಿ ಇದ್ದಂತೆ. ಈಗಿನ ಸ್ಥಿತಿ, ಗುಂಡಿಯ ಹೆಸರು, ಮುಂದಿನ ಸ್ಥಿತಿ, ಒತ್ತುವ ರೋಲ್, ಬೇಕಾದರೆ ಒಂದು ಷರತ್ತು.

1. ಕರಡು, 'ಒಪ್ಪಿಗೆಗೆ ಕಳುಹಿಸು' ಒತ್ತಿದರೆ, ಮ್ಯಾನೇಜರ್ ನೋಡಬೇಕು. ಒತ್ತುವವರು ಪರ್ಚೇಸ್ ಯೂಸರ್.
2. ಮ್ಯಾನೇಜರ್ ನೋಡಬೇಕು, 'ಒಪ್ಪಿದೆ' ಒತ್ತಿದರೆ, ಒಪ್ಪಿಗೆ ಆಯ್ತು. ಪರ್ಚೇಸ್ ಮ್ಯಾನೇಜರ್, ಮೊತ್ತ 50,000ದ ಒಳಗಿದ್ದರೆ.
3. ಮ್ಯಾನೇಜರ್ ನೋಡಬೇಕು, 'ಮಾಲೀಕರಿಗೆ ಕಳುಹಿಸು' ಒತ್ತಿದರೆ, ಮಾಲೀಕರು ನೋಡಬೇಕು. ಪರ್ಚೇಸ್ ಮ್ಯಾನೇಜರ್, ಮೊತ್ತ 50,000 ದಾಟಿದ್ದರೆ.
4. ಮಾಲೀಕರು ನೋಡಬೇಕು, 'ಒಪ್ಪಿದೆ' ಒತ್ತಿದರೆ, ಒಪ್ಪಿಗೆ ಆಯ್ತು. ಮಿಲ್ ಮಾಲೀಕ.
5. ಎರಡೂ ಹಂತದಿಂದ 'ವಾಪಸ್ ಕಳುಹಿಸು' ಒತ್ತಿದರೆ, ವಾಪಸ್. ಇದಕ್ಕೆ ಎರಡು ಸಾಲು ಬೇಕು, ಆಯಾ ರೋಲ್‌ಗೆ ಒಂದೊಂದು.
6. ವಾಪಸ್, 'ಒಪ್ಪಿಗೆಗೆ ಕಳುಹಿಸು' ಒತ್ತಿದರೆ, ಮ್ಯಾನೇಜರ್ ನೋಡಬೇಕು. ಪರ್ಚೇಸ್ ಯೂಸರ್.
7. ಒಪ್ಪಿಗೆ ಆಯ್ತು, 'ರದ್ದು ಮಾಡು' ಒತ್ತಿದರೆ, ರದ್ದು. ಮಿಲ್ ಮಾಲೀಕ.

ಮ್ಯಾನೇಜರ್ ರಜೆ ಹಾಕಿದರೆ? ಎರಡನೇ ಸಾಲನ್ನೇ ಇನ್ನೊಮ್ಮೆ ಬರೆದು ರೋಲ್ ಜಾಗದಲ್ಲಿ ಮಿಲ್ ಮಾಲೀಕ ಅಂತ ಹಾಕಿ, ಷರತ್ತು ತೆಗೆಯಿರಿ. ಮಾಲೀಕರು ನೇರವಾಗಿ ಒಪ್ಪಬಹುದು. ಪಾಸ್‌ವರ್ಡ್ ಹೇಳಿ ಹೋಗುವ ಅಭ್ಯಾಸಕ್ಕಿಂತ ಇದು ಎಷ್ಟೋ ವಾಸಿ.

ಪ್ರತಿ ಸಾಲಿನಲ್ಲೂ 'ಅಲೋ ಸೆಲ್ಫ್ ಅಪ್ರೂವಲ್' ಅನ್ನುವ ಟಿಕ್ ತಾನಾಗಿಯೇ ಬಿದ್ದಿರುತ್ತದೆ. ಆರ್ಡರ್ ಹುಟ್ಟುಹಾಕಿದವನೇ ಆ ಗುಂಡಿ ಒತ್ತಬಹುದು ಅಂತ ಅದರ ಅರ್ಥ. 'ಒಪ್ಪಿದೆ' ಇರುವ ಸಾಲುಗಳಲ್ಲಿ ಮತ್ತು 'ಮಾಲೀಕರಿಗೆ ಕಳುಹಿಸು' ಸಾಲಿನಲ್ಲಿ ಟಿಕ್ ತೆಗೆಯಿರಿ. ಮ್ಯಾನೇಜರ್ ತಾನೇ ಆರ್ಡರ್ ಬರೆದು ತಾನೇ ಒಪ್ಪುವಂತಿಲ್ಲ. ಆದರೆ ಹುಮ್ಮಸ್ಸಿನಲ್ಲಿ ಎಲ್ಲ ಕಡೆ ತೆಗೆದುಬಿಡಬೇಡಿ. 'ಒಪ್ಪಿಗೆಗೆ ಕಳುಹಿಸು' ಸಾಲಿನಲ್ಲೂ ತೆಗೆದರೆ ಗುಮಾಸ್ತರು ತಾವು ಬರೆದ ಆರ್ಡರನ್ನು ತಾವೇ ಕಳುಹಿಸಲಾರರು. ಗುಂಡಿಯೇ ಕಾಣುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಸಿಸ್ಟಮ್ ಕೆಟ್ಟಿದೆ ಅಂತ ಫೋನ್ ಬರುವುದು ಬಹುಪಾಲು ಇದಕ್ಕೇ.

ಅಡ್ಮಿನಿಸ್ಟ್ರೇಟರ್ ವಿಷಯ ಹೇಳುತ್ತೇನೆ ಅಂದಿದ್ದೆ. ಈ ಸ್ವಯಂ ಒಪ್ಪಿಗೆಯ ತಡೆ ಅಡ್ಮಿನಿಸ್ಟ್ರೇಟರ್ ಲಾಗಿನ್‌ಗೆ ಅನ್ವಯಿಸುವುದಿಲ್ಲ. ಆ ಲಾಗಿನ್‌ನಲ್ಲಿ ಕೂತವನು ಬರೆಯಬಹುದು, ಒಪ್ಪಬಹುದು. ಆ ಪಾಸ್‌ವರ್ಡ್ ಮಾಲೀಕರ ಬಳಿ ಇರಲಿ, ದಿನದ ಕೆಲಸಕ್ಕೆ ಬೇಡ.

ಷರತ್ತು ಬರೆಯುವಾಗ

ಷರತ್ತು ಅಂದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಒಂದೇ ಸಾಲು. ಎಲ್ಲ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಡಾಕ್, ಒಂದು ಚುಕ್ಕಿ, ಬೇಸ್ ಗ್ರ್ಯಾಂಡ್ ಟೋಟಲ್, ಆಮೇಲೆ > ಚಿಹ್ನೆ, ಆಮೇಲೆ 50000. ಬೇಸ್, ಗ್ರ್ಯಾಂಡ್, ಟೋಟಲ್ ಮೂರರ ನಡುವೆ ಖಾಲಿ ಜಾಗದ ಬದಲು ಅಂಡರ್‌ಸ್ಕೋರ್. ಎರಡನೇ ಸಾಲಿಗೆ ಇದೇ ಬರಹ, ಚಿಹ್ನೆ ಮಾತ್ರ <=.

ಇಷ್ಟರಲ್ಲೇ ಮೂರು ಹಳ್ಳಗಳಿವೆ ಬೀಳುವುದಕ್ಕೆ.

ಮೊದಲನೆಯದು ಕಾಮಾ. ನಮಗೆ 50,000 ಅಂತ ಬರೆದೇ ರೂಢಿ. ಷರತ್ತಿನಲ್ಲಿ ಕಾಮಾ ಹಾಕಿದರೆ ಪೈಥಾನ್ ಅದನ್ನು 50 ಮತ್ತು 000 ಅನ್ನುವ ಎರಡು ಬೇರೆ ವಸ್ತು ಅಂತ ಓದುತ್ತದೆ. ಒಳಗೆ ಏನೇ ಇದ್ದರೂ ಆ ಜೋಡಿಯನ್ನು 'ನಿಜ' ಅಂತಲೇ ಎಣಿಸುತ್ತದೆ. ಎರರ್ ಬರುವುದಿಲ್ಲ. ಷರತ್ತು ಯಾವಾಗಲೂ ಪಾಸ್. ಅಂದರೆ 9 ಲಕ್ಷದ ಆರ್ಡರ್‌ಗೂ ಮ್ಯಾನೇಜರ್ ಮುಂದೆ 'ಒಪ್ಪಿದೆ' ಗುಂಡಿ ಮೂಡುತ್ತದೆ. ಇದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಲ್ಲದು.

ಎರಡನೆಯದು ಕರೆನ್ಸಿ. ಬೇಸ್ ಇಲ್ಲದ ಬರೀ ಗ್ರ್ಯಾಂಡ್ ಟೋಟಲ್ ಅಂತ ಒಂದು ಫೀಲ್ಡ್ ಇದೆ. ಅದು ಆರ್ಡರ್ ಯಾವ ಕರೆನ್ಸಿಯಲ್ಲಿದೆಯೋ ಆ ಲೆಕ್ಕ. ಸಾರ್ಟೆಕ್ಸ್‌ನ ಕ್ಯಾಮೆರಾ ಭಾಗಕ್ಕೆ 4,000 ಡಾಲರ್ ಆರ್ಡರ್ ಹಾಕಿದರೆ, ಬರೀ ಗ್ರ್ಯಾಂಡ್ ಟೋಟಲ್ ನೋಡುವ ಷರತ್ತಿಗೆ ಕಾಣುವುದು 4000 ಅನ್ನುವ ಅಂಕಿ. 50000ಕ್ಕಿಂತ ಕಡಿಮೆ, ಮ್ಯಾನೇಜರ್ ಮಟ್ಟದಲ್ಲೇ ಮುಗಿಯಿತು. ಬೇಸ್ ಇರುವ ಫೀಲ್ಡ್ ಯಾವಾಗಲೂ ಕಂಪನಿಯ ಕರೆನ್ಸಿಯಲ್ಲಿ, ಅಂದರೆ ರೂಪಾಯಿಯಲ್ಲಿ ಇರುತ್ತದೆ.

ಮೂರನೆಯದು ಜಿಎಸ್‌ಟಿ. ಗ್ರ್ಯಾಂಡ್ ಟೋಟಲ್ ಅಂದರೆ ತೆರಿಗೆ ಸೇರಿಸಿ. ಬೇರಿಂಗ್‌ಗೆ 46,000 ಅಂತ ಮಾತಾಡಿದ್ದು 18 ಪರ್ಸೆಂಟ್ ಸೇರಿ 54,280 ಆಗುತ್ತದೆ, ಮಾಲೀಕರ ತನಕ ಹೋಗುತ್ತದೆ. ಮಾಲೀಕರು 'ಐವತ್ತರ ಮೇಲಿನದು ನನಗೆ ಬರಲಿ' ಅಂದಾಗ ತೆರಿಗೆ ಸೇರಿಸಿಯೋ ಬಿಟ್ಟೋ ಅಂತ ಬಾಯಿಬಿಟ್ಟು ಕೇಳಿಕೊಳ್ಳಿ. ಬಿಟ್ಟು ಅಂದರೆ ಬೇಸ್ ನೆಟ್ ಟೋಟಲ್ ಬಳಸಿ.

ರಾತ್ರಿ ಎರಡಕ್ಕೆ ಬೆಲ್ಟ್ ಹರಿದರೆ

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಬರುವ ಸೀಸನ್‌ನಲ್ಲಿ ಮಿಲ್ ಹಗಲು ರಾತ್ರಿ ಓಡುತ್ತದೆ. ನಡುರಾತ್ರಿ ಏನಾದರೂ ಮುರಿದರೆ ಪರಿಚಯದ ಅಂಗಡಿಯವನಿಗೆ ಫೋನ್ ಮಾಡಿ ಶಟರ್ ತೆಗೆಸಿ ಸಾಮಾನು ತರುತ್ತಾರೆ. ಆ ಹೊತ್ತಿನಲ್ಲಿ ಮಾಲೀಕರನ್ನು ಎಬ್ಬಿಸಿ ಗುಂಡಿ ಒತ್ತಿಸುವ ವ್ಯವಸ್ಥೆ ಎರಡು ರಾತ್ರಿಯೂ ಉಳಿಯುವುದಿಲ್ಲ. ತುರ್ತಿನ ದಾರಿಯನ್ನು ನಾವೇ ಕಟ್ಟಿಕೊಡಬೇಕು. ಇಲ್ಲದಿದ್ದರೆ ಅವರು ಕಟ್ಟಿಕೊಳ್ಳುತ್ತಾರೆ.

'ಕಸ್ಟಮೈಸ್ ಫಾರಂ'ನಲ್ಲಿ ಪರ್ಚೇಸ್ ಆರ್ಡರ್‌ಗೆ 'ತುರ್ತು' ಅನ್ನುವ ಒಂದು ಚೆಕ್‌ಬಾಕ್ಸ್ ಸೇರಿಸಿ. ಫೀಲ್ಡ್‌ನ ಒಳಹೆಸರು ಇಂಗ್ಲಿಷ್‌ನಲ್ಲೇ ಇರಲಿ. ಶಿಫ್ಟ್ ಸೂಪರ್‌ವೈಸರ್‌ಗೆ ಒಂದು ರೋಲ್ ಮಾಡಿ, ರೈಟ್ ಮತ್ತು ಸಬ್ಮಿಟ್ ಹಕ್ಕು ಕೊಡಿ. ಕರಡಿನಿಂದ ನೇರ 'ಒಪ್ಪಿಗೆ ಆಯ್ತು'ಗೆ ಹೋಗುವ ಒಂದು ಸಾಲು ಸೇರಿಸಿ. ಷರತ್ತು ಹೀಗಿರಲಿ: ತುರ್ತು ಟಿಕ್ ಆಗಿರಬೇಕು, ಮತ್ತು ಮೊತ್ತ 25000 ಮೀರಬಾರದು. ಬೆಳಗ್ಗೆ ಮ್ಯಾನೇಜರ್ ತುರ್ತು ಟಿಕ್ ಇರುವ ಆರ್ಡರ್‌ಗಳ ಪಟ್ಟಿ ತೆಗೆದು ನೋಡಲಿ. ವಾರದಲ್ಲಿ ಒಂದೆರಡು ಇದ್ದರೆ ಸರಿ. ದಿನಾ ನಾಲ್ಕು ಬರುತ್ತಿದ್ದರೆ ಸ್ಟೋರ್‌ನಲ್ಲಿ ಇರಬೇಕಾದ ಬಿಡಿಭಾಗ ಇಲ್ಲ ಅಂತ ಅರ್ಥ. ಅದು ವರ್ಕ್‌ಫ್ಲೋ ಸಮಸ್ಯೆ ಅಲ್ಲ, ದಾಸ್ತಾನಿನ ಸಮಸ್ಯೆ.

ಇದೇ ಉಪಾಯ ವಾಪಸ್ ಕಳುಹಿಸುವಾಗಲೂ ಬರುತ್ತದೆ. ಸಿಸ್ಟಮ್ ತಾನಾಗಿ ಕಾರಣ ಕೇಳುವುದಿಲ್ಲ. 'ವಾಪಸ್ ಕಾರಣ' ಅಂತ ಒಂದು ಫೀಲ್ಡ್ ಮಾಡಿ, ಆ ಫೀಲ್ಡ್ ತುಂಬಿದ್ದರೆ ಮಾತ್ರ 'ವಾಪಸ್ ಕಳುಹಿಸು' ಗುಂಡಿ ಕಾಣುವಂತೆ ಷರತ್ತು ಹಾಕಿ. 'ರೇಟ್ ಜಾಸ್ತಿ, ಮತ್ತೊಂದು ಕೊಟೇಶನ್ ತಗೋ' ಅಂತ ಬರೆಯಲು ಮಾಲೀಕರಿಗೆ ಹತ್ತು ಸೆಕೆಂಡ್ ಸಾಕು. ಗುಮಾಸ್ತರಿಗೆ ಅರ್ಧ ದಿನ ಉಳಿಯುತ್ತದೆ.

ಹಿಂಬಾಗಿಲುಗಳು

ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟರೆ ಆಗುವುದೇನು ಅಂತ ಹೇಳಬೇಕಿಲ್ಲ.

ಆರ್ಡರ್ ಇಲ್ಲದೆಯೇ ಬಿಲ್ ಹಾಕುವುದು ಮೊದಲ ಹಿಂಬಾಗಿಲು. 'ಬೈಯಿಂಗ್ ಸೆಟ್ಟಿಂಗ್ಸ್' ತೆರೆದು, ಇನ್‌ವಾಯ್ಸ್ ಮತ್ತು ರಿಸೀಟ್ ಮಾಡಲು ಪರ್ಚೇಸ್ ಆರ್ಡರ್ ಬೇಕೇ ಅನ್ನುವ ಪ್ರಶ್ನೆಗೆ 'ಯೆಸ್' ಕೊಡಿ. ಇನ್‌ವಾಯ್ಸ್‌ಗೆ ರಿಸೀಟ್ ಬೇಕೇ ಅನ್ನುವುದಕ್ಕೂ 'ಯೆಸ್'. ಆಗ ಜೆಸ್ಕಾಂ ಕರೆಂಟ್ ಬಿಲ್, ಲಾರಿ ಬಾಡಿಗೆ, ದಲಾಲಿ ಅಂಗಡಿಯ ಭತ್ತ ಎಲ್ಲ ನಿಂತುಬಿಡುತ್ತವೆ ಅಲ್ವಾ? ಅದಕ್ಕೆ ಸಪ್ಲೈಯರ್ ಫಾರಂನಲ್ಲೇ ಆರ್ಡರ್ ಇಲ್ಲದೆ ಇನ್‌ವಾಯ್ಸ್ ಮಾಡಲು ಬಿಡುವ ಟಿಕ್ ಇದೆ, ರಿಸೀಟ್ ಇಲ್ಲದೆ ಮಾಡಲು ಇನ್ನೊಂದು. ಬೇಕಾದವರಿಗೆ ಮಾತ್ರ ಹಾಕಿ. ಸಪ್ಲೈಯರ್ ಫಾರಂ ತಿದ್ದುವ ಹಕ್ಕು ಗುಮಾಸ್ತರಿಗೆ ಇದ್ದರೆ ಈ ಟಿಕ್ ಕೂಡ ಅವರ ಕೈಯಲ್ಲೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಎರಡನೆಯದು ರೇಟ್. 18,000ಕ್ಕೆ ಒಪ್ಪಿಗೆ ಪಡೆದು 21,000ಕ್ಕೆ ಬಿಲ್ ಹಾಕುವುದು. ಬೈಯಿಂಗ್ ಸೆಟ್ಟಿಂಗ್ಸ್‌ನಲ್ಲೇ ಖರೀದಿಯ ಉದ್ದಕ್ಕೂ ಒಂದೇ ರೇಟ್ ಇರಬೇಕು ಅನ್ನುವ ಆಯ್ಕೆ ಇದೆ. ಟಿಕ್ ಮಾಡಿ, ರೇಟ್ ಬದಲಾದರೆ 'ಸ್ಟಾಪ್' ಅಂತ ಇಡಿ, 'ವಾರ್ನ್' ಬೇಡ. ಎಚ್ಚರಿಕೆಯ ಪೆಟ್ಟಿಗೆಯನ್ನು ಯಾರೂ ಓದುವುದಿಲ್ಲ, ಮುಚ್ಚುತ್ತಾರೆ.

ಮೂರನೆಯದು ಪ್ರಿಂಟ್. ಒಪ್ಪಿಗೆ ಆಗದ ಕರಡನ್ನೇ ಪ್ರಿಂಟ್ ತೆಗೆದು ವಾಟ್ಸಾಪ್‌ನಲ್ಲಿ ಅಂಗಡಿಗೆ ಕಳುಹಿಸಿದರೆ ಆರ್ಡರ್ ಆದ ಹಾಗೇ. 'ಪ್ರಿಂಟ್ ಸೆಟ್ಟಿಂಗ್ಸ್'ನಲ್ಲಿ ಕರಡಿನ ಪ್ರಿಂಟ್‌ಗೆ ಅವಕಾಶ ಕೊಡುವ ಟಿಕ್ ತೆಗೆಯಿರಿ. ಇದು ಎಲ್ಲ ದಾಖಲೆಗೂ ಅನ್ವಯಿಸುತ್ತದೆ, ಮಾರಾಟದ ಕಡೆಯವರಿಗೆ ಮೊದಲೇ ಹೇಳಿ.

ನಾಲ್ಕನೆಯದು 'ಅಪ್‌ಡೇಟ್ ಐಟಮ್ಸ್' ಗುಂಡಿ. ಸಬ್ಮಿಟ್ ಆದ ಆರ್ಡರ್‌ನಲ್ಲೂ ಇದರಿಂದ ಪ್ರಮಾಣ, ರೇಟ್ ಬದಲಿಸಬಹುದು. ವರ್ಕ್‌ಫ್ಲೋ ಇದ್ದಾಗ ಆರ್ಡರನ್ನು ಆ ಸ್ಥಿತಿಗೆ ತರಬಲ್ಲ ರೋಲ್ ಇದ್ದವರಿಗೆ, ಅವರ ಷರತ್ತಿನೊಳಗೆ ಮಾತ್ರ ಸಿಸ್ಟಮ್ ಬಿಡುತ್ತದೆ. ನಿಮ್ಮ ಆವೃತ್ತಿಯಲ್ಲಿ ಹಾಗೇ ನಡೆಯುತ್ತಾ ಅಂತ ಒಮ್ಮೆ ಗುಮಾಸ್ತರ ಲಾಗಿನ್‌ನಿಂದ ಒತ್ತಿ ನೋಡಿ.

ಐದನೆಯದನ್ನು ಸಾಫ್ಟ್‌ವೇರ್‌ನಿಂದ ಪೂರ್ತಿ ಮುಚ್ಚಲಾಗದು: ಆರ್ಡರ್ ಒಡೆಯುವುದು. 1,44,000ದ ಗೋಣಿಚೀಲವನ್ನು 48,000ದ ಮೂರು ಆರ್ಡರ್ ಮಾಡಿದರೆ ಮೂರೂ ಮ್ಯಾನೇಜರ್ ಮಟ್ಟದಲ್ಲೇ ಮುಗಿಯುತ್ತವೆ. ಷರತ್ತಿನಲ್ಲಿ ಹಳೆಯ ಆರ್ಡರ್ ಹುಡುಕಿಸುವ ದಾರಿ ಇದೆ, ಆದರೆ ಜಟಿಲ. 'ಪರ್ಚೇಸ್ ಆರ್ಡರ್ ಅನಾಲಿಸಿಸ್' ವರದಿಯನ್ನು ವಾರಕ್ಕೊಮ್ಮೆ ಸಪ್ಲೈಯರ್ ಪ್ರಕಾರ ಜೋಡಿಸಿ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. ಗೋಣಿಚೀಲದಂಥ ಮತ್ತೆ ಮತ್ತೆ ಕೊಳ್ಳುವ ಸಾಮಾನಿಗೆ 'ಬ್ಲಾಂಕೆಟ್ ಆರ್ಡರ್' ಮಾಡಿ ಸೀಸನ್‌ಗೆ ಒಂದೇ ಸಲ ರೇಟ್ ಒಪ್ಪಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಒಡೆಯುವ ಕಾರಣವೇ ಹೋಗುತ್ತದೆ.

ಸುದ್ದಿ ಮುಟ್ಟಿಸುವುದು

ವರ್ಕ್‌ಫ್ಲೋ ಫಾರಂನಲ್ಲಿ 'ಸೆಂಡ್ ಇಮೇಲ್ ಅಲರ್ಟ್' ಟಿಕ್ ಮಾಡಿ, ಹೊರಹೋಗುವ ಇಮೇಲ್ ಅಕೌಂಟ್ ಕೂಡಿಸಿದ್ದರೆ ಮುಂದಿನ ಹಂತದವರಿಗೆ ಮೇಲ್ ಹೋಗುತ್ತದೆ. ಆ ರೋಲ್ ಇರುವ ಎಲ್ಲರಿಗೂ ಹೋಗುತ್ತದೆ, ಆದ್ದರಿಂದ 'ಪರ್ಚೇಸ್ ಮ್ಯಾನೇಜರ್' ರೋಲನ್ನು ಸಿಕ್ಕವರಿಗೆಲ್ಲ ಹಂಚಬೇಡಿ. ನಿಜ ಹೇಳಬೇಕಂದ್ರೆ ನಮ್ಮ ಕಡೆ ಮಾಲೀಕರು ಮೇಲ್ ನೋಡುವುದು ಅಪರೂಪ. ವಾಟ್ಸಾಪ್‌ಗೆ ಬೇರೆ ಆ್ಯಪ್ ಜೋಡಿಸಬೇಕು. ಅದು ಆಗುವ ತನಕ ಅವರ ಫೋನಿನ ಮುಖಪುಟದಲ್ಲಿ 'ಮಾಲೀಕರು ನೋಡಬೇಕು' ಅನ್ನುವ ಫಿಲ್ಟರ್ ಹಾಕಿದ ಆರ್ಡರ್ ಪಟ್ಟಿಯ ಶಾರ್ಟ್‌ಕಟ್ ಇಟ್ಟುಕೊಡಿ. ಬೆಳಗ್ಗೆ ಚಹಾ ಹೊತ್ತಿಗೊಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು.

ಬಿಲ್ಲಿಗೂ ಒಪ್ಪಿಗೆ ಬೇಕಾ?

ಆರ್ಡರ್, ರಿಸೀಟ್, ಬಿಲ್ ಮೂರೂ ಹೊಂದಿದರೆ ಬೇಡ. ಆರ್ಡರ್ ಇಲ್ಲದ ಸಪ್ಲೈಯರ್‌ಗಳ ಬಿಲ್ಲಿಗೆ, ಮುಖ್ಯವಾಗಿ ಭತ್ತಕ್ಕೆ, ಒಂದೇ ಹಂತದ ವರ್ಕ್‌ಫ್ಲೋ ಇಡಿ. ಆದರೆ ಅಲ್ಲಿ ಬಿಲ್ ಕೊಳೆಯಬಾರದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಸಪ್ಲೈಯರ್‌ಗೆ ಲಿಖಿತ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆ ಲೆಕ್ಕ ಸರಕು ಒಪ್ಪಿಕೊಂಡ ದಿನದಿಂದ, ನಿಮ್ಮ ಸಿಸ್ಟಮ್‌ನಲ್ಲಿ ಗುಂಡಿ ಒತ್ತಿದ ದಿನದಿಂದ ಅಲ್ಲ.

ಪರೀಕ್ಷೆ, ಆಮೇಲೆ ಚಾಲೂ

ಬ್ಯಾಕಪ್ ತೆಗೆದು, ಅದನ್ನು ಇನ್ನೊಂದು ಪರೀಕ್ಷಾ ಸೈಟ್‌ಗೆ ಹಾಕಿ ಅಲ್ಲಿ ಚಾಲೂ ಮಾಡಿ. 49,999, 50,000, 50,001 ಮೊತ್ತದ ಮೂರು ಆರ್ಡರ್ ಹಾಕಿ. ಮೊದಲ ಎರಡರಲ್ಲಿ ಮ್ಯಾನೇಜರ್‌ಗೆ 'ಒಪ್ಪಿದೆ' ಮಾತ್ರ, ಮೂರನೆಯದರಲ್ಲಿ 'ಮಾಲೀಕರಿಗೆ ಕಳುಹಿಸು' ಮಾತ್ರ ಕಾಣಬೇಕು. ಎರಡೂ ಒಟ್ಟಿಗೆ ಕಂಡರೆ ಕಾಮಾ ಹುಡುಕಿ. ಡಾಲರ್‌ನಲ್ಲಿ ಒಂದು ಆರ್ಡರ್ ಹಾಕಿ. ಮ್ಯಾನೇಜರ್ ತಾನೇ ಬರೆದ ಆರ್ಡರ್ ಒಪ್ಪಲು ಆಗುತ್ತಾ ನೋಡಿ. ಒಂದನ್ನು ವಾಪಸ್ ಕಳುಹಿಸಿ, ತಿದ್ದಿ ಮತ್ತೆ ಕಳುಹಿಸಿ. ಒಂದನ್ನು ರದ್ದು ಮಾಡಿ 'ಅಮೆಂಡ್' (ರದ್ದಾದದ್ದರ ತಿದ್ದುವ ಪ್ರತಿ ತೆಗೆಯುವ ಗುಂಡಿ) ಒತ್ತಿ, ಅದು ಮತ್ತೆ ಕರಡಿನಿಂದಲೇ ಶುರುವಾಗಬೇಕು. ಪ್ರತಿಯೊಂದನ್ನೂ ಆಯಾ ವ್ಯಕ್ತಿಯ ಲಾಗಿನ್‌ನಲ್ಲೇ ಮಾಡಿ, ಅಡ್ಮಿನಿಸ್ಟ್ರೇಟರ್‌ನಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಚಾಲೂ ಮಾಡಲು ಸೀಸನ್ ಇಲ್ಲದ ವಾರ ಆರಿಸಿ. ಆ ದಿನ ಕರಡಿನಲ್ಲಿ ಇರುವ ಹಳೆಯ ಆರ್ಡರ್‌ಗಳನ್ನು ಮೊದಲೇ ಮುಗಿಸಿ ಅಥವಾ ಅಳಿಸಿ. ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದರೆ ಇನ್ನೊಂದು ಮಾತು: 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ತಿದ್ದುಪಡಿಯ ದಾಖಲೆ ಇರಲೇಬೇಕು. ಕಸ್ಟಮೈಸ್ ಫಾರಂನಲ್ಲಿ 'ಟ್ರ್ಯಾಕ್ ಚೇಂಜಸ್' ಟಿಕ್ ಇದೆಯಾ ಅಂತ ನೋಡಿ. ಆರ್ಡರ್‌ನ ಕೆಳಗೆ ಯಾರು ಯಾವಾಗ ಏನು ಬದಲಿಸಿದರು ಅಂತ ಸಾಲು ಸಾಲಾಗಿ ಕಾಣುತ್ತದೆ. ಬೆಲ್ಟ್ ಜಗಳ ಬಂದಾಗ ತೆರೆಯಬೇಕಾದ ಜಾಗ ಅದೇ.

ತಿಂಗಳ ಕೊನೆಗೆ ಮೂರು ಪಟ್ಟಿ ತೆಗೆಯಿರಿ: ಎರಡು ದಿನಕ್ಕಿಂತ ಜಾಸ್ತಿ ನಿಂತ ಆರ್ಡರ್‌ಗಳು, ತುರ್ತು ಟಿಕ್ ಆದವು, ರಿಸೀಟ್ ದಿನಕ್ಕೇ ಹುಟ್ಟಿದ ಆರ್ಡರ್‌ಗಳು. ಮೂರನೆಯ ಪಟ್ಟಿ ಉದ್ದ ಇದ್ದರೆ ಸಾಮಾನು ಬಂದ ಮೇಲೆ ಕಾಗದ ಬರೆಯುತ್ತಿದ್ದಾರೆ. ಬೈಯುವ ಮೊದಲು ಮಿತಿಯನ್ನು ಏರಿಸಿ ನೋಡಿ. ಮಾಲೀಕರು ಕಣ್ಣು ಮುಚ್ಚಿ ಒಪ್ಪುವ ಮೊತ್ತ 80,000 ಆಗಿದ್ದರೆ 50,000ದ ಮಿತಿ ಯಾರಿಗೂ ಉಪಕಾರ ಮಾಡುತ್ತಿಲ್ಲ. ಯಾರಾದರೂ ಕೆಲಸ ಬಿಟ್ಟರೆ ಅವತ್ತೇ ಅವರ ಲಾಗಿನ್ ಬಂದ್ ಮಾಡಿ, ಅವರ ಕರಡುಗಳನ್ನು ಇನ್ನೊಬ್ಬರು ಹೊಸದಾಗಿ ಬರೆಯಲಿ.